ವಾರಂಟಿ ಉಳಿಸ್ಕೊಂಡು ಹಾರ್ಡ್ ಡಿಸ್ಕ್ ಬದಲಿ: ಗದಗಿನ ಒಂದು ಡಿಟಿಪಿ ಲ್ಯಾಪ್‌ಟಾಪಿನ ಪೂರ್ತಿ ಪ್ರಕರಣ

ಲ್ಯಾಪ್‌ಟಾಪಿನ ತಳದ ಸ್ಕ್ರೂ ಮುಟ್ಟಿದ್ರ ವಾರಂಟಿ ಹೋತು ಅನ್ನೂ ಮಾತು ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಎಷ್ಟ ಗಟ್ಟಿಯಾಗಿ ಕುಂತೈತಿ ಅಂದ್ರ, ಕೆಲವು ಮಂದಿ ವಾರಂಟಿ ಮುಗಿಯೂತನಕ ತೆವಳೂ ಮಷಿನ್ ಇಟಗೊಂಡು ಒದ್ದಾಡ್ತಾರ, ಉಳಿದಾವ್ರು ಹೋದ್ರ ಹೋಗ್ಲಿ ಬಿಡು ಅಂತ ಸಿಕ್ಕಲ್ಲೆ ಬಿಚ್ಚಸ್ತಾರ. ಎರಡೂ ಬೇಕಾಗಿಲ್ಲ. ಬಿಚ್ಚಿದ್ರ ವಾರಂಟಿ ಹೋಗ್ತೈತೋ ಇಲ್ಲೋ ಅನ್ನೂದನ್ನ ಅಂಗಡ್ಯಾವ್ರ ಬಾಯಿಂದ ಕೇಳಬಾರ್ದು, ಕಂಪನಿ ಕಡೆಯಿಂದ ಬರವಣಿಗ್ಯಾಗ ತಗೋಬೇಕು, ಅದೂ ಬಿಚ್ಚೂಕಿಂತ ಮೊದಲ. ಕೆಳಗ ಬರದದ್ದು ಗದಗಿನ ಒಬ್ಬ ಅಕ್ಕಾರ ಲ್ಯಾಪ್‌ಟಾಪಿಂದು, ಅವರ ಒಪ್ಪಿಗಿ ತಗೊಂಡ ಬರದೇನಿ. ಕಂಪನಿ ಹೆಸರು ಬ್ಯಾಡ ಅಂತ ಬಿಟ್ಟೇನಿ, ಯಾಕಂದ್ರ ಇದು ಒಂದ ಕಂಪನಿ ಸುದ್ದಿ ಅಲ್ಲ.

ಅಕ್ಕಾರದ್ದು ಡಿಟಿಪಿ ಕೆಲಸ, ಅಂದ್ರ ಅಚ್ಚಿಗೆ ಹೋಗೂ ಪುಟಾನ ಕಂಪ್ಯೂಟರಿನ್ಯಾಗ ತಯಾರ ಮಾಡೂದು. ಗದಗ ಅಂದ್ರ ಮುದ್ರಣ ಕಾಶಿ ಅಂತ ಹೆಸರಾದ ಊರು, ಲಗ್ನಪತ್ರಿಕಿ, ರಸೀದಿ ಪುಸ್ತಕ, ಜಾತ್ರಿ ಹ್ಯಾಂಡ್‌ಬಿಲ್, ಸೊಸೈಟಿ ವಾರ್ಷಿಕ ವರದಿ ಎಲ್ಲಾ ಅಲ್ಲೇ ಟೈಪಾಗಿ ಅಲ್ಲೇ ಅಚ್ಚಾಗಿ ಹೊರಗ ಬೀಳ್ತೈತಿ. ಮಷಿನ್ನು 11ನೇ ಜನರೇಶನ್ ಐ3, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ (ತಿರಗೂ ಭಾಗ ಇಲ್ಲದ, ಚಿಪ್ಪಿನ್ಯಾಗ ಡಾಟಾ ಇಡೂ ವೇಗದ ಡ್ರೈವ್) ಇಲ್ಲ. ತಗೋವಾಗ ಒಂದು ವರ್ಷದ ವಾರಂಟಿ ಮ್ಯಾಲ ಇನ್ನೂ ಎರಡು ವರ್ಷದ್ದು ಬ್ಯಾರೆ ರೊಕ್ಕ ಕೊಟ್ಟು ತಗೊಂಡಿದ್ರು, ಎಂಜಿನಿಯರ್ ಜಾಗಾಕ್ಕ ಬಂದು ರಿಪೇರಿ ಮಾಡೂ ಆನ್‌ಸೈಟ್ ನಮೂನಿದು. ಅದರಾಗ ಒಂದು ವರ್ಷಕ್ಕಿಂತ ಹೆಚ್ಚ ಬಾಕಿ ಇತ್ತು. ರೊಕ್ಕ ಕೊಟ್ಟ ತಗೊಂಡ ವಾರಂಟಿ, ಕಳಕೋಳಾಕ ಅವರು ತಯಾರ ಇರ್ಲಿಲ್ಲ, ಬರೋಬ್ಬರಿ ಐತಿ.

ತ್ರಾಸ ಏನಪಾ ಅಂದ್ರ, ಮುಂಜಾನೆ ಬಟನ್ ಒತ್ತಿ ಕಸ ಹೊಡದು, ದೀಪ ಹಚ್ಚಿ, ಚಹಾ ಕುಡದ ಬಂದ್ರೂ ಡೆಸ್ಕ್‌ಟಾಪಿನ್ಯಾಗ ಆ ನೀಲಿ ಚಕ್ರ ತಿರಗತಿತ್ತು. ಡಿಸೈನ್ ಮಾಡೂ ಕೋರೆಲ್ ಡ್ರಾ ತಗದ್ರ ಇನ್ನೊಂದ ಸುತ್ತು ಕಾಯೂದು. ನುಡಿ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನೊಳಗ ಟೈಪ್ ಮಾಡಿದ್ರ ನಾಕು ಅಕ್ಷರ ಹೊಡದ ಮ್ಯಾಲ ಒಮ್ಮೆಲೇ ನಾಕೂ ಬಂದು ಬೀಳೂವು. ಲಗ್ನದ ಹಂಗಾಮು ಶುರುವಾದ್ರ ಗಿರಾಕಿ ಕುರ್ಚಿ ಮ್ಯಾಲ ಕುಂತ "ಅಕ್ಕಾರ, ಪ್ರೂಫ್ ಯಾವಾಗ ಕೊಡ್ತೀರಿ" ಅಂತ ಕೇಳೂದು, ಇವರು ಸ್ಕ್ರೀನ್ ನೋಡ್ಕೋತ ಕುಂದ್ರೂದು. ಟಾಸ್ಕ್ ಮ್ಯಾನೇಜರ್ ತಗದ ನೋಡಿದ್ರ ಪ್ರೊಸೆಸರ್ ಹತ್ತು ಪರ್ಸೆಂಟೂ ಕೆಲಸ ಮಾಡವಲ್ದು, ರ್‍ಯಾಮ್ ಅರ್ಧಾ ಖಾಲಿ, ಡಿಸ್ಕ್ ಮಾತ್ರ 100 ಪರ್ಸೆಂಟ್, ಕೆಳಗ ಇಳಿಯೂ ಮಾತ ಇಲ್ಲ.

ಇದರ ಕಾರಣ ಸರಳ ಐತಿ. 5400 ಆರ್‌ಪಿಎಂ (ನಿಮಿಷಕ್ಕ 5400 ಸುತ್ತು) ಡಿಸ್ಕ್ ಒಂದು ಸುತ್ತ ತಿರಗಾಕ 11 ಮಿಲಿಸೆಕೆಂಡ್ ತಗೋತೈತಿ, ಬೇಕಾದ ಜಾಗಾ ಡಾಟಾ ಓದೂ ಹೆಡ್ಡಿನ ಕೆಳಗ ಬರೂದಕ್ಕ ಸರಾಸರಿ ಅರ್ಧ ಸುತ್ತು, ಹೆಡ್ಡು ಆ ಟ್ರ್ಯಾಕಿಗೆ ಸರಿಯೂದಕ್ಕ ಮತ್ತ ಸುಮಾರು ಹತ್ತು ಮಿಲಿಸೆಕೆಂಡ್. ಅಲ್ಲಿಗೆ ಸೆಕೆಂಡಿಗೆ ಅರವತ್ತ ಎಪ್ಪತ್ತ ಕಡೆ ಹೋಗಿ ಬರಬಹುದು, ಅಷ್ಟ. ವಿಂಡೋಸ್ ಶುರುವಾಗೂವಾಗ ಸಾವಿರಗಟ್ಟಲೆ ಸಣ್ಣ ಸಣ್ಣ ಫೈಲ್ ಬ್ಯಾರೆ ಬ್ಯಾರೆ ಜಾಗಾದಿಂದ ಎತ್ತಬೇಕು. ಎಸ್‌ಎಸ್‌ಡಿಯೊಳಗ ತಿರಗೂದೂ ಇಲ್ಲ ಸರಿಯೂದೂ ಇಲ್ಲ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದಿ ಕೊಡ್ತೈತಿ. ಹಿಂಗಾಗಿ ರ್‍ಯಾಮ್ ಹೆಚ್ಚ ಹಾಕಸ್ರಿ ಅಂತ ಹೇಳಿದಾವ್ರ ಮಾತು ಇಲ್ಲಿ ಉಪಯೋಗ ಆಗ್ತಿರ್ಲಿಲ್ಲ.

ನನ್ನ ಕಡೆ ಬರೂಕಿಂತ ಮೊದಲ ಅಕ್ಕಾರಿಗೆ ಎರಡ ಸಲಹಾ ಸಿಕ್ಕಿದ್ದುವು. ಮಷಿನ್ ಮಾರಿದ ಅಂಗಡ್ಯಾವ್ರು "ಮುಟ್ಟಬ್ಯಾಡ್ರಿ ಅಕ್ಕಾರ, ವಾರಂಟಿ ಮುಗದ ಮ್ಯಾಲ ನೋಡೂಣು" ಅಂದ್ರಂತ. ಹುಬ್ಬಳ್ಳಿಯ ಇನ್ನೊಂದು ಅಂಗಡಿಯಾಗ "ಸ್ಕ್ರೂ ಮ್ಯಾಲಿನ ಸ್ಟಿಕ್ಕರ್ ಹೀಟ್ ಗನ್‌ಲೆ ಎತ್ತಿ ಎಸ್‌ಎಸ್‌ಡಿ ಹಾಕಿ ಮತ್ತ ಹಂಗ ಹಚ್ಚಿ ಕೊಡ್ತೇವಿ, ಯಾರಿಗೂ ಗೊತ್ತಾಗೂದಿಲ್ಲ" ಅಂದ್ರಂತ. ಈ ಎರಡನೇದ ನನಗ ಭಾಳ ಸಿಟ್ಟ ಬರಸ್ತೈತಿ. ಎಷ್ಟೋ ಸಲ ಕಂಪನಿ ತಾನೇ ಮಾಡ್ಕೋರಿ ಅಂತ ಹೇಳೂ ಕೆಲಸಾನ, ಕಳವು ಮಾಡಿದಂಗ ಮಾಡಿ ಗಿರಾಕಿನ್ನ ಸುಳ್ಳಿನ್ಯಾಗ ಸಿಗಿಸಿಡೂದು. ನಾಳೆ ಖರೇನ ಏನರ ಕೆಟ್ಟಾಗ ಎಂಜಿನಿಯರ್ ಸ್ಟಿಕ್ಕರ್ ಸುಕ್ಕು ನೋಡಿ ಕೇಳಿದ್ರ ಏನ ಹೇಳೂದು?

ನಾನು ಮೊದಲ ಸ್ಕ್ರೂಡ್ರೈವರ್ ತಗೀಲಿಲ್ಲ, ಡಿಸ್ಕಿನ ಆರೋಗ್ಯ ನೋಡಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತಿ, ಹಾಕಿ ತಗದ್ರ ನೀಲಿ ಬಣ್ಣದ ಗುಡ್ ಬರೂ ಜಾಗಾದಾಗ ಹಳದಿ ಕಾಷನ್ ಬಂತು. ಕೆಳಗಿನ ಪಟ್ಟಿಯೊಳಗ ಸಿ5 ಅನ್ನೂ ಸಾಲಿನ ಮುಂದ ಸೊನ್ನಿ ಇರ್ಲಿಲ್ಲ. ಸಿ5 ಅಂದ್ರ ಡಿಸ್ಕಿಗೆ ಸರಿಯಾಗಿ ಓದಾಕ ಬರಲಾರದ, ಇನ್ನೂ ಏನ ಮಾಡೂದು ಅಂತ ತೀರ್ಮಾನ ಆಗಲಾರದ ಸೆಕ್ಟರ್‌ಗಳು (ಡಿಸ್ಕಿನ ಮ್ಯಾಲ ಡಾಟಾ ಇಡೂ ಸಣ್ಣ ಸಣ್ಣ ಭಾಗ). 05 ಅಂದ್ರ ಕೆಟ್ಟು ಹೋದುವನ್ನ ಬಿಟ್ಟು ಬದಲಿ ಜಾಗಾ ಕೊಟ್ಟಾಗಿರೂ ಸೆಕ್ಟರ್. ಅಂದ್ರ ಡಿಸ್ಕು ಬರೇ ಸಾವಕಾಶ ಇರ್ಲಿಲ್ಲ, ಕೆಡಾಕತ್ತಿತ್ತು.

ಇಲ್ಲೇ ಈ ಪ್ರಕರಣದ ದಾರಿ ಬದಲಾತು. ಕೆಟ್ಟ ಡಿಸ್ಕು ವಾರಂಟಿ ಒಳಗ ಐತಿ ಅಂದ್ರ ಅದನ್ನ ಕಂಪನಿನ ಬದಲಿ ಮಾಡಿ ಕೊಡಬೇಕು, ಪುಕ್ಕಟೆ. ಮೊದಲ ನಾವ ಬಿಚ್ಚಿ ಎಸ್‌ಎಸ್‌ಡಿ ಹಾಕಿ ಆಮ್ಯಾಲೆ ಕ್ಲೇಮ್ ಹಾಕಿದ್ರ "ನೀವ ಬಿಚ್ಚೂವಾಗ ಕೆಟ್ಟೈತಿ" ಅನ್ನಾಕ ಅವರಿಗೆ ದಾರಿ ಮಾಡಿ ಕೊಟ್ಟಂಗ. ಹಿಂಗಾಗಿ ಕ್ರಮ ಹಿಂಗ ಇಟ್ವಿ: ಮೊದಲ ಡಾಟಾ ಉಳಿಸೂದು, ಆಮ್ಯಾಲೆ ಕ್ಲೇಮ್, ಅದರ ಮ್ಯಾಲ ಅಪ್‌ಗ್ರೇಡ್. ಸ್ಲೋ ಐತಿ ಅಂತ ಬರೂ ಲ್ಯಾಪ್‌ಟಾಪಿನ್ಯಾಗ ಎಷ್ಟೋ ಹಿಂಗ ಕ್ಲೇಮ್ ಆಗೂವು ಇರ್ತಾವ, ಯಾರೂ ನೋಡೂದಿಲ್ಲ, ನೇರ ಎಸ್‌ಎಸ್‌ಡಿ ಮಾರ್ತಾರ.

ಡಾಟಾ ಅಂದ್ರ ಇಲ್ಲಿ ವರ್ಷಾನಗಟ್ಟಲೆ ಕೂಡಿದ ಕೋರೆಲ್ ಫೈಲು, ದೇವರ ಚಿತ್ರ, ಬಾರ್ಡರ್, ಗಿರಾಕಿಗಳ ಪ್ರೂಫು. ಓದಾಕ ಬರಲಾರದ ಸೆಕ್ಟರ್ ಇರೂ ಡಿಸ್ಕನ್ನ ಪೂರ್ತಿ ಕ್ಲೋನ್ (ಇದ್ದದ್ದನ್ನ ಇದ್ದಂಗ ಇನ್ನೊಂದು ಡ್ರೈವಿಗೆ ನಕಲು) ಮಾಡಾಕ ಹೋದ್ರ ನಡಕ ಎರರ್ ಬಂದು ನಿಲ್ತೈತಿ, ಮ್ಯಾಲ ಡಿಸ್ಕಿಗೂ ಸುಮ್ನ ಬಡಿತ. ಅದಕ್ಕ ಕ್ಲೋನ್ ಬಿಟ್ಟು ಬೇಕಾದ ಫೋಲ್ಡರ್ ಮೊದಲ, ಕಡಿಮಿ ಬೇಕಾದ್ದು ಆಮ್ಯಾಲೆ ಅಂತ ಎಕ್ಸ್‌ಟರ್ನಲ್ ಡ್ರೈವಿಗೆ ಕಾಪಿ ಮಾಡಿದ್ವಿ. ಡಿಟಿಪಿಯವ್ರು ಒಂದ ನೆನಪಿಡ್ರಿ, ಫಾಂಟ್ ಫೋಲ್ಡರ್ ಬ್ಯಾರೆ ತಗೋಬೇಕು. ನುಡಿ ಮತ್ತ ಇನ್ನೂ ಹಳೇ ಕನ್ನಡ ಫಾಂಟ್‌ಗಳು ವಿಂಡೋಸಿನ ಫಾಂಟ್ಸ್ ಒಳಗ ಕುಂತಿರ್ತಾವ, ಅವನ್ನ ಬಿಟ್ರ ಹೊಸಾ ಮಷಿನ್ನಿನ್ಯಾಗ ಹಳೇ ಲಗ್ನಪತ್ರಿಕಿ ತಗದಾಗ ಅಕ್ಷರದ ಬದಲಿ ಏನೇನೋ ಚಿನ್ನೆ ಕಾಣ್ತಾವ.

ಕ್ಲೇಮಿನ ಸಲುವಾಗಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸ್ಕ್ರೀನ್‌ಶಾಟ್ ಕಳಿಸಿದ್ರ ಕಂಪನಿಯವ್ರು ಲೆಕ್ಕಕ್ಕ ಹಿಡಿಯೂದು ಕಡಿಮಿ, ಅವರದ ಟೆಸ್ಟ್ ಬೇಕು. ಮಷಿನ್ ಚಾಲೂ ಮಾಡಿ ಲೋಗೊ ಬರೂ ಹೊತ್ತಿಗೆ ಎಫ್2, ಎಫ್10, ಎಫ್12 ಹಿಂಗ ಕಂಪನಿ ಪ್ರಕಾರ ಒಂದ ಕೀ ಒತ್ತಿದ್ರ ಅವರ ಡಯಾಗ್ನೋಸ್ಟಿಕ್ ಬರ್ತೈತಿ. ಸಣ್ಣ ಟೆಸ್ಟ್ ಪಾಸ್ ಆತು. ದೊಡ್ಡ ಟೆಸ್ಟ್ ರಾತ್ರಿ ಹಚ್ಚಿಟ್ಟು ಮುಂಜಾನೆ ನೋಡಿದ್ರ ಫೇಲ್, ಕೆಳಗ ಉದ್ದ ಕೋಡ್. ಆ ಕೋಡಿಂದು ಫೋಟೊ ತಗದು ಮಷಿನ್ ಸೀರಿಯಲ್ ನಂಬರಿನ ಜೋಡಿ ಕಳಿಸಿದ ಮ್ಯಾಲ ಯಾರೂ ವಾದಾ ಮಾಡ್ಲಿಲ್ಲ.

ಕೆಟ್ಟ ಡಿಸ್ಕನ್ನ ಎಂಜಿನಿಯರ್ ವಾಪಸ್ ಒಯ್ತಾನ, ಅದು ಕಂಪನಿದಾಗ್ತೈತಿ. ಅಕ್ಕಾರ ಕಡೆ ಆನ್‌ಲೈನ್ ಅರ್ಜಿ ತುಂಬಸಾಕ ಬಂದಾವ್ರ ಆಧಾರ್ ಕಾಪಿ, ಫೋಟೊ, ಮಾರ್ಕ್ಸ್ ಕಾರ್ಡ್ ಎಲ್ಲಾ ಇದ್ದುವು. ಮಂದಿ ನಂಬಿ ಕೊಟ್ಟ ಕಾಗದ ಅವು. ಅದಕ್ಕ ಎಂಜಿನಿಯರ್ ಬರೂಕಿಂತ ಮೊದಲ ವಿಂಡೋಸ್ ಪೆನ್‌ಡ್ರೈವಿಂದ ಚಾಲೂ ಮಾಡಿ ಡಿಸ್ಕ್‌ಪಾರ್ಟ್ ಅನ್ನೂ ವಿಂಡೋಸ್ ಸಲಕರಣಿಯೊಳಗ "ಕ್ಲೀನ್ ಆಲ್" ಅನ್ನೂ ಕಮಾಂಡ್ ಕೊಟ್ಟು ಇಡೀ ಡಿಸ್ಕಿನ ಮ್ಯಾಲ ಸೊನ್ನಿ ಬರಸಿದೆ. ಬರೇ ಫಾರ್ಮ್ಯಾಟ್ ಕ್ವಿಕ್ ಕೊಟ್ರ ಡಾಟಾ ಹಂಗ ಇರ್ತೈತಿ. ಡಿಸ್ಕ್ ಪೂರ್ತಿ ಸತ್ತಿದ್ರ ಹಿಂಗ ಮಾಡಾಕ ಬರೂದಿಲ್ಲ, ಅದಕ್ಕ ಕೆಲವು ಕಂಪನಿಗಳು ಕೆಟ್ಟ ಡಿಸ್ಕ್ ಗಿರಾಕಿ ಕಡೇನ ಇರೂ ಹಂಗ ಬ್ಯಾರೆ ಸೇವಾ ಮಾರ್ತಾವ.

ಎಂಜಿನಿಯರ್ ಹುಬ್ಬಳ್ಳಿಯಿಂದ ಬಂದ್ರು, ಅದೇ ನಮೂನಿ ಹಾರ್ಡ್ ಡಿಸ್ಕ್ ಹಾಕಿ ವಿಂಡೋಸ್ ಹಾಕಿ ಹೋದ್ರು. ಅವರು ತಳಾ ತಗದಾಗ ನಾನು ಒಳಗ ನೋಡ್ಕೊಂಡೆ: ಹಾರ್ಡ್ ಡಿಸ್ಕಿನ ಬಾಜೂಕ ಎಂ.2 ಸ್ಲಾಟ್ (ಪಟ್ಟಿಯಂಥಾ ಎಸ್‌ಎಸ್‌ಡಿ ಕೂಡೂ ಜಾಗಾ) ಖಾಲಿ ಐತಿ. ಅಂದ್ರ ಹಾರ್ಡ್ ಡಿಸ್ಕ್ ತಗಿಯೂ ಪ್ರಶ್ನೇನ ಇಲ್ಲ. ಕಂಪನಿ ಕೊಟ್ಟದ್ದು ಕೊಟ್ಟಂಗ ಇದ್ದು ಅದರ ಜೋಡಿ ಎಸ್‌ಎಸ್‌ಡಿ ಕೂಡಸಬಹುದು, ಬೇಕಂದಾಗ ಅದನ್ನ ಕಿತ್ತ್ರ ಮಷಿನ್ ಮತ್ತ ಫ್ಯಾಕ್ಟರಿಯಿಂದ ಬಂದಂಗ. ವಾರಂಟಿ ಇರೂ ಮಷಿನ್ನಿಗೆ ಇದಕ್ಕಿಂತ ಚಲೋ ದಾರಿ ಇಲ್ಲ.

ಈಗ ಕಾಗದದ ಕೆಲಸ. ಇದ ಈ ಪ್ರಕರಣದ ಜೀವಾ. ಮೊದಲ ಆ ಮಾಡೆಲ್ಲಿನ ಸರ್ವಿಸ್ ಮ್ಯಾನುವಲ್ ಕಂಪನಿ ಸಪೋರ್ಟ್ ಪುಟದಿಂದ ಇಳಿಸ್ಕೊಂಡ್ವಿ. ಎಚ್‌ಪಿ, ಡೆಲ್, ಲೆನೊವೊ ಎಲ್ಲಾರೂ ಇದನ್ನ ಯಾರಿಗೆ ಬೇಕಾದ್ರೂ ಸಿಗೂ ಹಂಗ ಇಟ್ಟಾರ. ಲೆನೊವೊ ಮ್ಯಾನುವಲ್ಲಿನ್ಯಾಗ ಗಿರಾಕಿ ತಾನ ಬದಲಿ ಮಾಡೂ ಪಾರ್ಟಿಗೆ ಸಿಆರ್‌ಯು ಅಂತ, ಎಂಜಿನಿಯರ್ ಮಾಡೂದಕ್ಕ ಎಫ್‌ಆರ್‌ಯು ಅಂತ ಬರದಿರ್ತೈತಿ. ಎಚ್‌ಪಿಯವ್ರದರಾಗ ಗಿರಾಕಿ ಮಾಡಬಹುದಾದ್ದು ಒಂದು ಅಧ್ಯಾಯ, ಅಧಿಕೃತ ಸರ್ವಿಸಿನವ್ರು ಅಷ್ಟ ಮಾಡೂದು ಇನ್ನೊಂದು ಅಧ್ಯಾಯ. ನಿಮ್ಮ ಮಾಡೆಲ್ಲಿನ ಸ್ಟೋರೇಜ್ ಯಾವ ಕಡೆ ಐತಿ ಅನ್ನೂದನ್ನ ಕಣ್ಣಾರೆ ನೋಡ್ರಿ, ಒಂದ ಕಂಪನಿದ ಎರಡು ಮಾಡೆಲ್ಲಿಗೆ ಎರಡು ಉತ್ತರ ಇರಬಹುದು.

ಆಮ್ಯಾಲೆ ಕಂಪನಿ ಸಪೋರ್ಟಿಗೆ ಅಕ್ಕಾರ ಹೆಸರಿನ್ಯಾಗ ಇಮೇಲ್. ಫೋನ್ ಬ್ಯಾಡ, ಫೋನಿನ್ಯಾಗ ಹೇಳಿದ್ದು ನಾಳೆ ಯಾರ ನೆನಪಿನ್ಯಾಗೂ ಇರೂದಿಲ್ಲ. ಸುಮ್ನ "ಎಸ್‌ಎಸ್‌ಡಿ ಹಾಕಬಹುದೇನ್ರಿ" ಅಂತ ಕೇಳಿದ್ರ "ಸಮೀಪದ ಸರ್ವಿಸ್ ಸೆಂಟರ್ ಸಂಪರ್ಕಿಸಿ" ಅಂತ ಅಚ್ಚು ಹೊಡದ ಉತ್ತರ ಬರ್ತೈತಿ. ಹಿಂಗ ಬರದ್ವಿ: ಸೀರಿಯಲ್ ನಂಬರ್ ಇದು, ವಾರಂಟಿ ಇಲ್ಲೀತನಕ ಐತಿ, ಈ ಮಷಿನ್ನಿನ ಖಾಲಿ ಎಂ.2 ಸ್ಲಾಟಿಗೆ ಮ್ಯಾನುವಲ್ಲಿನ್ಯಾಗ ಹೇಳಿದ ಅಳತಿಯ ಬ್ಯಾರೆ ಕಂಪನಿಯ ಎಸ್‌ಎಸ್‌ಡಿಯನ್ನ ನಾನೇ ಹಾಕ್ಕೊಂಡ್ರ ಉಳಿದ ಪಾರ್ಟುಗಳ ವಾರಂಟಿ ಮುಂದುವರೀತೈತೋ ಇಲ್ಲೋ, ಹೌದು ಅಥವಾ ಇಲ್ಲ ಅಂತ ತಿಳಿಸ್ರಿ. ಮೊದಲನೇ ಉತ್ತರ ಅಡ್ಡಗ್ವಾಡಿ ಮ್ಯಾಲಿನ ದೀಪದಂಗ ಬಂತು. ಅದಕ್ಕ ರಿಪ್ಲೈ ಮಾಡಿ ಅದೇ ಪ್ರಶ್ನಿ ಮತ್ತ ಹಾಕಿದ ಮ್ಯಾಲ ಬಂದ ಉತ್ತರ ಚೊಕ್ಕ ಇತ್ತು: ಹಾಕ್ಕೋಬಹುದು, ವಾರಂಟಿ ಮುಂದುವರೀತೈತಿ, ಆದ್ರ ಹಾಕೂವಾಗ ಆದ ಹಾನಿ ನಮ್ಮದಲ್ಲ, ಹಾಕಿದ ಎಸ್‌ಎಸ್‌ಡಿ ಮತ್ತ ಅದರೊಳಗಿನ ಡಾಟಾ ನಮ್ಮ ವಾರಂಟಿಯೊಳಗ ಬರೂದಿಲ್ಲ. ಮೂರೂ ಮಾತು ನ್ಯಾಯದ್ವು. ಬೋರ್ಡಿನ ಮ್ಯಾಲ ಸ್ಕ್ರೂಡ್ರೈವರ್ ಜಾರಿಸಿ ಗೆರಿ ಕೊರದ್ರ ಅದು ಕಂಪನಿ ತಪ್ಪಲ್ಲ. ಅದನ್ನ ಪ್ರಿಂಟ್ ತಗದು ಲ್ಯಾಪ್‌ಟಾಪ್ ಬಿಲ್ಲಿನ ಜೋಡಿ ಫೈಲಿನ್ಯಾಗ ಹಚ್ಚಿಟ್ವಿ.

ಎಸ್‌ಎಸ್‌ಡಿ ತಗೋವಾಗ ಮ್ಯಾನುವಲ್ಲಿಂದ ಎರಡ ವಿಷಯ ಖಾತ್ರಿ ಮಾಡ್ಕೋಬೇಕು. ಎಂ.2 ಅನ್ನೂದು ಬರೇ ಆಕಾರ, ಅದರಾಗ ಸಾಟಾ ಬ್ಯಾರೆ, ಎನ್‌ವಿಎಂಇ ಬ್ಯಾರೆ (ಡಾಟಾ ಸಾಗಿಸೂ ಎರಡು ಪದ್ಧತಿ), ಕೆಲವು ಸ್ಲಾಟ್ ಒಂದನ್ನಷ್ಟ ಹಿಡಿತಾವ. ಇನ್ನೊಂದು ಉದ್ದ: 2280 ಅಂದ್ರ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, 2242 ಅಂದ್ರ ಉದ್ದ 42 ಅಷ್ಟ. ಇವರದು 2280, ಎನ್‌ವಿಎಂಇ. 500 ಜಿಬಿದು ಹೆಸರಾದ ಕಂಪನಿದ ತಗೊಂಡ್ವಿ, 5 ವರ್ಷ ವಾರಂಟಿದು. ಎಸ್‌ಎಸ್‌ಡಿ ವಾರಂಟಿ ವರ್ಷದ ಮ್ಯಾಲ ಅಷ್ಟ ಅಲ್ಲ, ಬರಿಯೂ ಡಾಟಾದ ಮ್ಯಾಲೂ ಇರ್ತೈತಿ, ಯಾವುದ ಮೊದಲ ಮುಗೀತೈತೋ ಅದು. ಉದಾಹರಣಿಗೆ ಸ್ಯಾಮ್‌ಸಂಗ್ 870 ಇವಿಒ 500 ಜಿಬಿಗೆ 5 ವರ್ಷ ಇಲ್ಲಾ 300 ಟೆರಾಬೈಟ್, ಕ್ರೂಶಿಯಲ್ ಬಿಎಕ್ಸ್500 480 ಜಿಬಿಗೆ 3 ವರ್ಷ ಇಲ್ಲಾ 120 ಟೆರಾಬೈಟ್. ಡಿಟಿಪಿ ಕೆಲಸದಾಗ ಅಷ್ಟ ಬರಿಯೂದು ಆಗೂ ಮಾತಲ್ಲ, ಆದ್ರ 3 ಮತ್ತ 5ರ ನಡುವ ಫರಕ ಐತಿ. ಜಿಎಸ್‌ಟಿ ಬಿಲ್ ಮ್ಯಾಲ ಎಸ್‌ಎಸ್‌ಡಿ ಸೀರಿಯಲ್ ನಂಬರ್ ಹಾಕಸ್ಕೋರಿ, ಎರಡು ಸಾವಿರ ರೂಪಾಯಿ ಉಳಸ್ತೇನಿ ಅಂತ ಬಿಲ್ ಇಲ್ಲದ್ದು ತಗೋಬ್ಯಾಡ್ರಿ.

ಬಿಚ್ಚೂಕಿಂತ ಮೊದಲ ಸೆಟ್ಟಿಂಗ್ಸಿನ್ಯಾಗ ಡಿವೈಸ್ ಎನ್‌ಕ್ರಿಪ್ಶನ್ (ಡ್ರೈವಿನ ಡಾಟಾಕ್ಕ ಬೀಗ ಹಾಕೂ ಸೌಲಭ್ಯ) ನೋಡಿದ್ವಿ. ಮೈಕ್ರೊಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ರ ಎಷ್ಟೋ ಮಷಿನ್ನಿನ್ಯಾಗ ಇದು ತಾನ ಚಾಲೂ ಆಗಿರ್ತೈತಿ, ಮಾಲೀಕರಿಗೆ ಗೊತ್ತೇ ಇರೂದಿಲ್ಲ. ಹೊಸಾ ಡ್ರೈವ್ ಹಾಕಿ ಬಯಾಸ್ (ವಿಂಡೋಸಿಗಿಂತ ಮೊದಲ ಮಷಿನ್ ಚಾಲೂ ಮಾಡೂ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್ ಬದಲಿ ಮಾಡಿದ್ರ 48 ಅಂಕಿಯ ರಿಕವರಿ ಕೀ ಕೇಳಿ ಕುಂದರ್ತೈತಿ. ಅದು ಅವರ ಅಕೌಂಟಿನ್ಯಾಗ ಇತ್ತು, ಮೊದಲ ಬರದಿಟಗೊಂಡ್ವಿ.

ಹಾಕೂ ಕೆಲಸ ಅಕ್ಕಾರ ಟೇಬಲ್ ಮ್ಯಾಲ. ಫ್ಯಾನ್ ಬಂದ್, ಚಾರ್ಜರ್ ಕಿತ್ತು, ಪೂರ್ತಿ ಶಟ್‌ಡೌನ್. ಶಟ್‌ಡೌನ್ ಅಂದ್ರ ಶಿಫ್ಟ್ ಹಿಡದು ಕೊಡಬೇಕು, ಇಲ್ಲಂದ್ರ ಫಾಸ್ಟ್ ಸ್ಟಾರ್ಟಪ್ ಇದ್ರ ವಿಂಡೋಸ್ ಅರ್ಧಾ ನಿದ್ದಿಯೊಳಗ ಇರ್ತೈತಿ. ತಳದ ಸ್ಕ್ರೂ ಎಲ್ಲಾ ಒಂದ ಉದ್ದ ಇರೂದಿಲ್ಲ. ಹಿಂದಿನ ಹಿಂಜ್ ಕಡೇವು ಉದ್ದ, ಮುಂದ ಅಂಗೈ ಇಡೂ ಕಡೇವು ಗಿಡ್ಡ. ಉದ್ದಂದು ಮುಂದಿನ ತೂತಿಗೆ ಹಾಕಿ ಬಿಗದ್ರ ಮ್ಯಾಲಿನ ಪ್ಲ್ಯಾಸ್ಟಿಕ್ಕಿಗೆ ಗುಳ್ಳಿ ಎದ್ದು ಬರ್ತೈತಿ, ಅದು ಕಣ್ಣಿಗೆ ಕಾಣೂ ಹಾನಿ, ವಾರಂಟಿ ತಕರಾರಿಗೆ ಅಷ್ಟ ಸಾಕು. ಅಕ್ಕಾರು ಒಂದು ರದ್ದಾದ ಲಗ್ನಪತ್ರಿಕಿ ತಗೊಂಡು ಹಿಂದ ಖಾಲಿ ಇರೂ ದಪ್ಪ ಕಾಗದದ ಮ್ಯಾಲ ತಳದ ಚಿತ್ರ ಬಿಡಿಸಿ, ಸ್ಕ್ರೂ ತಗದಂಗ ತಗದಂಗ ಅದರದರ ಜಾಗಾದಾಗ ಸೆಲೋಟೇಪ್‌ಲೆ ಅಂಟಿಸಿದ್ರು. ಅವರ ಕೈ ಎಷ್ಟ ಅಚ್ಚುಕಟ್ಟ ಅಂದ್ರ ಎರಡು ಸ್ಕ್ರೂ ರಬ್ಬರ್ ಕಾಲಿನ ಕೆಳಗ ಇದ್ದುವು, ಅವಕ್ಕ ಬ್ಯಾರೆ ಬಣ್ಣದ ಪೆನ್ನಿನಿಂದ ಗುರ್ತು ಹಾಕಿದ್ರು. ಆಮ್ಯಾಲೆ ಪ್ಲ್ಯಾಸ್ಟಿಕ್ ಪಿಕ್‌ಲೆ ಹಿಂಜ್ ಕಡೆಯಿಂದ ಸಾವಕಾಶ ಕ್ಲಿಪ್ ಬಿಡಿಸಿದೆ. ಸ್ಟೀಲ್ ಸ್ಕ್ರೂಡ್ರೈವರ್ ತುರಕಬಾರ್ದು, ಗಾಯ ಉಳೀತೈತಿ.

ಒಳಗ ಮೊದಲ ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ ಸ್ವಲ್ಪ ಹೊತ್ತ ಒತ್ತಿ ಉಳಿದ ಕರೆಂಟ್ ಇಳಿಸಿದೆ. ಎಸ್‌ಎಸ್‌ಡಿಯನ್ನ ಸುಮಾರು 30 ಡಿಗ್ರಿ ಓರಿ ಹಿಡದು ಕಟ್ ಇರೂ ಕಡೆ ಹೊಂದಿಸಿ ತಳ್ಳಿದ್ರ ಒಳಗ ಹೋಗ್ತೈತಿ, ಕೈ ಬಿಟ್ರ ಮ್ಯಾಲ ಎದ್ದು ನಿಲ್ತೈತಿ, ಅದು ಸರಿ, ಒತ್ತಿ ಸ್ಕ್ರೂ ಹಾಕಬೇಕು. ಆ ಸಣ್ಣ ಸ್ಕ್ರೂ ಎಷ್ಟೋ ಲ್ಯಾಪ್‌ಟಾಪಿನ್ಯಾಗ ಇರೂದೇ ಇಲ್ಲ, ಎಸ್‌ಎಸ್‌ಡಿ ಡಬ್ಬಿಯೊಳಗೂ ಎಷ್ಟೋ ಸಲ ಕೊಡೂದಿಲ್ಲ, ಮೊದಲ ತಂದಿಟಗೋರಿ. ಇಡೀ ಕೆಲಸದ ವಿಡಿಯೊ ಮಾಡಿಟ್ವಿ, ಬೋರ್ಡಿಗೆ ಏನೂ ಆಗಿಲ್ಲ ಅನ್ನೂದಕ್ಕ ಅದ ಸಾಕ್ಷಿ.

ವಿಂಡೋಸ್ ಹಾಕೂವಾಗ ಹಾರ್ಡ್ ಡಿಸ್ಕಿನ ರಿಬ್ಬನ್ ಕೇಬಲ್ ಬಿಡಿಸಿಟ್ಟಿದ್ದೆ. ಇದಕ್ಕ ಕಾರಣ ಐತಿ: ಮೊದಲ ವಿಂಡೋಸ್ ಇರೂ ಡಿಸ್ಕ್ ಜೋಡಿ ಇದ್ರ ಇನ್‌ಸ್ಟಾಲರ್ ವಿಂಡೋಸ್ ಚಾಲೂ ಮಾಡೂ ಬೂಟ್ ಫೈಲನ್ನ ಆ ಹಳೇ ಡಿಸ್ಕಿನ್ಯಾಗಿನ ಬೂಟ್ ಪಾರ್ಟಿಶನ್ನಿಗೇ ಹಾಕಿಬಿಡ್ತೈತಿ, ನಾಳೆ ಆ ಡಿಸ್ಕ್ ತಗದ್ರ ಎಸ್‌ಎಸ್‌ಡಿಯಿಂದ ಮಷಿನ್ ಏಳೂದಿಲ್ಲ. ಆ ಕೇಬಲ್ಲಿನ ಕಪ್ಪು ಲಾಕ್ ಉಗುರಿಲೆ ಎತ್ತಬೇಕು, ಜಗ್ಗಿದ್ರ ಹರಿತೈತಿ. ಪೆನ್‌ಡ್ರೈವಿಂದ ಶುರು ಮಾಡಿದ್ರ ಡಿಸ್ಕ್ ಆರಿಸೂ ಪರದಿಯೊಳಗ ಎಸ್‌ಎಸ್‌ಡಿ ಕಾಣ್ಲಿಲ್ಲ. 11ನೇ ಜನರೇಶನ್ ಇಂಟೆಲ್ ಮಷಿನ್ನಿನ್ಯಾಗ ವಿಎಂಡಿ ಅನ್ನೂದು (ಡ್ರೈವ್ ನಿಭಾಯಿಸೂ ಇಂಟೆಲ್ ವ್ಯವಸ್ಥಾ) ಚಾಲೂ ಇದ್ರ ಹಿಂಗ ಆಗ್ತೈತಿ, ಎಸ್‌ಎಸ್‌ಡಿ ಕೆಟ್ಟೈತಿ ಅಂತ ಅಂಗಡಿಗೆ ಓಡಬ್ಯಾಡ್ರಿ. ಕಂಪನಿ ಪುಟದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ ಅದೇ ಪೆನ್‌ಡ್ರೈವಿಗೆ ಹಾಕಿ ಲೋಡ್ ಡ್ರೈವರ್ ಕೊಟ್ರ ಬಂತು. ವಿಂಡೋಸ್ ಲೈಸೆನ್ಸ್ ಬ್ಯಾರೆ ತಗೋಬೇಕಾಗಿಲ್ಲ, ಅದು ಮದರ್‌ಬೋರ್ಡಿಗೆ ಕಟ್ಟಿರ್ತೈತಿ, ಅದೇ ಹೋಮ್ ಎಡಿಶನ್ ಹಾಕಿದ್ರ ನೆಟ್ ಹತ್ತಿದ ಕೂಡ್ಲೆ ತಾನ ಆಕ್ಟಿವ್ ಆತು. ಲೈಸೆನ್ಸ್ ಅಂತ ಬ್ಯಾರೆ ರೊಕ್ಕ ಕೇಳೂ ಅಂಗಡಿಯವ್ರಿಗೆ ಇದನ್ನ ಹೇಳ್ರಿ.

ಕೇಬಲ್ ಮತ್ತ ಹಚ್ಚಿ, ಹಾರ್ಡ್ ಡಿಸ್ಕಿನ್ಯಾಗ ಎಂಜಿನಿಯರ್ ಹಾಕಿದ ವಿಂಡೋಸ್ ಹಂಗ ಬಿಟ್ಟು ಉಳಿದ ಜಾಗಾ ಡಾಟಾಕ್ಕ ಮಾಡಿದ್ವಿ. ಈಗ ಬಟನ್ ಒತ್ತಿದ್ರ ಅರ್ಧ ನಿಮಿಷದೊಳಗ ಡೆಸ್ಕ್‌ಟಾಪ್ ತಯಾರ, ನುಡಿಯೊಳಗ ಬೆರಳಿನ ಜೋಡಿ ಅಕ್ಷರ ಬರ್ತಾವ.

ಖರೇ ಪರೀಕ್ಷಾ ಆಮ್ಯಾಲೆ ಬಂತು. ಕೆಲವು ತಿಂಗಳ ನಂತರ ಸ್ಪೇಸ್ ಬಾರ್ ಒಂದ ಕಡೆ ಒತ್ತಿದ್ರ ಹಿಡಿಯದಂಗಾತು, ಮುಂದ ಇನ್ನೆರಡು ಕೀ ಸತ್ತುವು. ಕ್ಲೇಮ್ ಹಾಕೂವಾಗ್ಲೇ ಅಕ್ಕಾರು ಎಸ್‌ಎಸ್‌ಡಿ ಹಾಕಿದ್ದು ಹೇಳಿದ್ರು. ನನ್ನ ಸಲಹಾ ಅದ ಇತ್ತು, ಮುಚ್ಚಿಡೂದ ಬ್ಯಾಡ. ಈ ಸಲ ಬ್ಯಾರೆ ಎಂಜಿನಿಯರ್, ಸಣ್ಣ ಹುಡುಗ, ತಳಾ ತಗದ ಕೂಡ್ಲೆ "ಹೊರಗಿನ ಪಾರ್ಟ್ ಹಾಕ್ಯಾರ್ರಿ, ಬಿಚ್ಚೇರಿ, ವಾರಂಟಿ ಬರೂದಿಲ್ಲ" ಅಂದ. ಅಕ್ಕಾರು ಧ್ವನಿ ಏರಸ್ಲಿಲ್ಲ. ಫೈಲ್ ತಗದು ಇಮೇಲ್ ಪ್ರಿಂಟ್ ಮುಂದಿಟ್ಟು, "ತಮ್ಮಾ, ನಿಮ್ಮ ಕಂಪನೀನ ಹಾಕ್ಕೋರಿ ಅಂದೈತಿ ನೋಡ್ರಿ. ಕೀಬೋರ್ಡ್ ಎಸ್‌ಎಸ್‌ಡಿಯಿಂದ ಕೆಟ್ಟೈತಿ ಅಂತ ನಿಮಗ ಅನಿಸಿದ್ರ ಜಾಬ್ ಶೀಟಿನ ಮ್ಯಾಲ ಹಂಗ ಬರದು ಸಹಿ ಮಾಡಿ ಕೊಡ್ರಿ, ನಾ ಒಪ್ಕೋತೇನಿ" ಅಂದ್ರು. ಆ ಹುಡುಗ ಸಹಿ ಮಾಡ್ಲಿಲ್ಲ. ಹೊರಗ ಹೋಗಿ ಫೋನಿನ್ಯಾಗ ಮಾತಾಡಿ ಬಂದ, ಇಮೇಲಿನ ಫೋಟೊ ಕಳಿಸಿದ, ಆಮ್ಯಾಲೆ ಕೀಬೋರ್ಡ್ ಆರ್ಡರ್ ಹಾಕಿ ಹೋದ. ಬದಲಿ ಆತು, ರೊಕ್ಕ ಕೊಡ್ಲಿಲ್ಲ. ಅವನದೂ ತಪ್ಪಲ್ಲ ಅಂತೇನಿ ನಾನು, ಅವನಿಗೆ ಯಾರೋ ಹಂಗ ಕಲಿಸಿರ್ತಾರ, ಎದುರಿಗೆ ಕಾಗದ ಇಲ್ಲಂದ್ರ ಅದ ಮಾತು ಊರ ತುಂಬ ನಡೀತೈತಿ.

ಬರದು ಕೊಡ್ರಿ ಅನ್ನೂದು ಯಾಕ ಕೆಲಸ ಮಾಡ್ತೈತಿ ಅಂದ್ರ ಬರದದ್ದು ಮುಂದ ದೂರಿಗೆ ಆಧಾರ ಆಗ್ತೈತಿ. ಆಗ್ದಿದ್ರ ಮುಂದಿನ ಹಾದಿ ನಮಗ ತಯಾರ ಇತ್ತು: ಮೊದಲ 1915ಕ್ಕ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗ್ದಿದ್ರ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈದಾಗ ಜಾರಿಗೆ ಬಂದ ಮ್ಯಾಲ ಗಿರಾಕಿ ತಾನ ಇರೂ ಊರಿನ ಜಿಲ್ಲಾದಾಗನ ದೂರು ಕೊಡಬಹುದು, ಕಂಪನಿ ಆಫೀಸ್ ಎಲ್ಲೈತಿ ಅಂತ ಹುಡುಕ್ಕೊಂಡು ಹೋಗಬೇಕಾಗಿಲ್ಲ. 5 ಲಕ್ಷದೊಳಗಿನ ಮಾಲಿಗೆ ಫೀ ಇಲ್ಲ, ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗ ಹಾಕಬೇಕು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ದಾಗ ರೈಟ್ ಟು ರಿಪೇರ್ ಪೋರ್ಟಲ್ ಅಂತ ಶುರು ಮಾಡೈತಿ, ಅಲ್ಲಿ ಕಂಪನಿಗಳ ರಿಪೇರಿ, ವಾರಂಟಿ ಮಾಹಿತಿ ಒಂದ ಕಡೆ ಇರ್ತೈತಿ.

ವಾಟ್ಸಾಪಿನ್ಯಾಗ ಒಂದು ಸುದ್ದಿ ಓಡಾಡ್ತೈತಿ, "ವಾರಂಟಿ ಸ್ಟಿಕ್ಕರ್ ಹಚ್ಚೂದ ಕಾನೂನಿಗೆ ವಿರುದ್ಧ" ಅಂತ. ಅದು ಅಮೆರಿಕಾದ್ದು. ಅಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಐತಿ, ಅದರ ಆಧಾರದ ಮ್ಯಾಲ 2018ರಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 6 ಕಂಪನಿಗಳಿಗೆ ಎಚ್ಚರಿಕಿ ಪತ್ರ ಕಳಿಸಿತ್ತು. ಗದಗಿನ್ಯಾಗ ಎಂಜಿನಿಯರ್ ಮುಂದ ಅದನ್ನ ತೋರಿಸಿದ್ರ ಪ್ರಯೋಜನ ಇಲ್ಲ, ನಮ್ಮ ಕಾಯ್ದೆ ನಮಗ ಐತಿ, ಕಂಪನಿ ಇಮೇಲ್ ಅದಕ್ಕಿಂತ ಬಲ.

ಇನ್ನೊಂದು, ಮಷಿನ್ನನ್ನ ಸರ್ವಿಸ್ ಸೆಂಟರಿನ್ಯಾಗ ಬಿಟ್ಟ ಬರೂದಿದ್ರ ಎಸ್‌ಎಸ್‌ಡಿ ಕಿತ್ತ ಇಟಗೋರಿ. ಮುಚ್ಚಿಡೂ ಸಲುವಾಗಿ ಅಲ್ಲ, ಡಾಟಾಕ್ಕ ಅವರು ಜವಾಬ್ದಾರಿ ತಗೋಳೂದಿಲ್ಲ, ಟೆಸ್ಟಿಗಂತ ಒರಸಿ ಹೊಸಾ ವಿಂಡೋಸ್ ಹಾಕಿದ್ರೂ ಕೇಳಾಕ ಬರೂದಿಲ್ಲ. ಆನ್‌ಸೈಟ್ ಇದ್ರ ನಿಮ್ಮ ಕಣ್ಣ ಮುಂದ ಇರ್ತೈತಿ, ಬಿಟ್ರೂ ನಡೀತೈತಿ. ಮತ್ತ ಅದೇ ಮಷಿನ್ನಿನ ಹಾರ್ಡ್ ಡಿಸ್ಕಿನ್ಯಾಗ ಕಾಪಿ ಐತಿ ಅಂದ್ರ ಅದು ಬ್ಯಾಕಪ್ ಅಲ್ಲ, ಮಷಿನ್ ಕಳವಾದ್ರ ಎರಡೂ ಹೋದಂಗ. ಅಕ್ಕಾರು ಎಕ್ಸ್‌ಟರ್ನಲ್ ಡ್ರೈವಿಗೆ ವಾರಕ್ಕೊಮ್ಮೆ ಹಾಕಿ ಅದನ್ನ ಮನ್ಯಾಗ ಇಡ್ತಾರ.

ಇದನ್ನೆಲ್ಲಾ ನೋಡಿ ಬಾಜೂ ಪ್ರೆಸ್ಸಿನ ಅಣ್ಣಾರು ತಮ್ಮ ಲ್ಯಾಪ್‌ಟಾಪ್ ತಂದ್ರು. ಅವರದರಾಗ ಎಂ.2 ಸ್ಲಾಟ್ ಇಲ್ಲ, ಒಂದ 2.5 ಇಂಚಿನ ಜಾಗಾ, ಮ್ಯಾನುವಲ್ಲಿನ್ಯಾಗ ಆ ಡಿಸ್ಕ್ ಅಧಿಕೃತ ಸರ್ವಿಸಿನವ್ರು ಮಾಡೂ ಅಧ್ಯಾಯದಾಗ ಐತಿ. ಅದೇ ಪ್ರಶ್ನಿ ಅವರ ಕಂಪನಿಗೆ ಕಳಿಸಿದ್ವಿ, ಉತ್ತರ ಬ್ಯಾರೆ ಬಂತು: ನೀವು ಬಿಚ್ಚಬ್ಯಾಡ್ರಿ, ಎಸ್‌ಎಸ್‌ಡಿ ತಗೊಂಡು ಸೆಂಟರಿಗೆ ಬರ್ರಿ, ಹಾಕಿ ಕೊಡ್ತೇವಿ, ಕೂಲಿ ಕೊಡಬೇಕು, ಹಳೇ ಡಿಸ್ಕ್ ನಿಮಗ ವಾಪಸ್. ಅವರು ಹುಬ್ಬಳ್ಳಿ ಸೆಂಟರಿನ್ಯಾಗ ಹಂಗ ಹಾಕಸ್ಕೊಂಡು ಬಂದ್ರು, ಕೂಲಿ ಬಿಲ್ಲನ್ನ ವಾರಂಟಿ ಕಾಗದದ ಜೋಡಿ ಇಟ್ಟಾರ, ಹಳೇ ಡಿಸ್ಕನ್ನ ಸೀರಿಯಲ್ ನಂಬರ್ ಬರದು ವಾರಂಟಿ ಮುಗಿಯೂತನಕ ಅಂತ ಕಪಾಟಿನ್ಯಾಗ ಇಟ್ಟಾರ.